ರಘು ದೀಕ್ಷಿತ್ ಪ್ರಾಜೆಕ್ಟ್: ಗಿಟಾರಿಗೆ ಒಗ್ಗಿದ ತತ್ವಪದ

ರಘು ದೀಕ್ಷಿತ್ ಪ್ರಾಜೆಕ್ಟ್ 2005ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಂಗೀತ ತಂಡ. ಗಾಯಕ, ಗಿಟಾರ್ ವಾದಕ ಹಾಗೂ ಸಂಗೀತ ಸಂಯೋಜಕ ರಘು ದೀಕ್ಷಿತ್ ಇದರ ರೂವಾರಿ. ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳನ್ನು ಗಿಟಾರ್, ಬೇಸ್, ಡ್ರಮ್ಸ್, ಪಿಟೀಲು, ಕೊಳಲುಗಳೊಂದಿಗೆ ಹಾಡುವ ಈ ತಂಡ ಸಿನಿಮಾದ ನೆರಳಿನಲ್ಲಿ ಬೆಳೆದದ್ದಲ್ಲ. ತನ್ನ ಹಾಡನ್ನು ತಾನೇ ಕಟ್ಟಿ, ವೇದಿಕೆಯಿಂದ ವೇದಿಕೆಗೆ ಹೋಗಿ ಹೆಸರು ಮಾಡಿತು. ಇಂಥ ತಂಡಗಳನ್ನು ‘ಇಂಡಿ’ ತಂಡಗಳೆಂದು ಕರೆಯುವುದು ರೂಢಿ. ಕನ್ನಡದ ಮಟ್ಟಿಗೆ ಈ ಬಗೆಯ ಸಂಗೀತವನ್ನು ಇಂಗ್ಲೆಂಡಿನ ದೊಡ್ಡ ವೇದಿಕೆಗಳವರೆಗೆ ಒಯ್ದವರಲ್ಲಿ ಇವರ ಹೆಸರು ಮೊದಲು ಬರುತ್ತದೆ.

ಮೈಸೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಕಟ್ಟಿದ ತಂಡಕ್ಕೂ ಗದಗ ಜಿಲ್ಲೆಯ ಲಕ್ಕುಂಡಿ, ಲಕ್ಷ್ಮೇಶ್ವರದ ಸೀಮೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ಈ ತಂಡದ ಕನ್ನಡ ಹಾಡುಗಳಲ್ಲಿ ಜನ ಬಾಯಿಪಾಠ ಮಾಡಿಕೊಂಡಿರುವ ಹೆಚ್ಚಿನವು ಸಂತಕವಿ ಶಿಶುನಾಳ ಶರೀಫರ ತತ್ವಪದಗಳು. ಶಿಶುನಾಳ ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಊರು, ಲಕ್ಷ್ಮೇಶ್ವರಕ್ಕೆ ದೂರವೇನಲ್ಲ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಜಿಲ್ಲೆಗಳಾದವು. ಅಲ್ಲಿಯವರೆಗೆ ಲಕ್ಕುಂಡಿಯೂ ಶಿಶುನಾಳವೂ ಒಂದೇ ಜಿಲ್ಲೆಯ ಊರುಗಳಾಗಿದ್ದವು. ಜಿಲ್ಲೆಯ ಗಡಿಗೆ ಪದಗಳು ಸೊಪ್ಪು ಹಾಕಲಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಭಜನಾ ಮೇಳಗಳಲ್ಲಿ ಶರೀಫರ ಪದ ಇಲ್ಲದೆ ರಾತ್ರಿ ಮುಗಿಯುವುದಿಲ್ಲ. ಆದ್ದರಿಂದ ತಂಡದ ಕಥೆಯನ್ನು ಪದಗಳ ಸೀಮೆಯಿಂದಲೇ ಆರಂಭಿಸುವುದು ಸರಿ.

ಶರೀಫರು (1819–1889) ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾದವರು. ಗುಡುಗುಡಿ, ಮನೆಯ ಮಾಳಿಗೆ, ಕೋಳಿ ಹೀಗೆ ಕಣ್ಣೆದುರು ಇದ್ದ ಯಾವ ವಸ್ತುವೂ ಅವರ ಪದಕ್ಕೆ ವಿಷಯವಾಗಬಹುದಿತ್ತು. ಅವರ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. ಭಜನೆಯಲ್ಲಿ ಒಬ್ಬ ಸೊಲ್ಲು ಎತ್ತಿಕೊಡುತ್ತಾನೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಪ್ರತಿ ನುಡಿ ಮುಗಿದಾಗ ಪಲ್ಲವಿಗೆ ಮರಳುತ್ತಾರೆ. ಏಕತಾರಿ, ದಮ್ಮಡಿ, ತಾಳ, ಪೇಟಿ ಇವೇ ವಾದ್ಯ.

ಈ ಪೇಟಿ ಎಲ್ಲಿಯದು ಎನ್ನುವುದನ್ನು ಮರೆಯಬಾರದು. ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದ ನಡುವೆ ಪ್ಯಾರಿಸ್ಸಿನಲ್ಲಿ ರೂಪುಗೊಂಡ ವಾದ್ಯ. ಕಾಲಿನಿಂದ ತುಳಿದು ಗಾಳಿ ಹಾಕುತ್ತಿದ್ದ ಅದನ್ನು ಕೈಯಿಂದ ಒತ್ತುವ ಪೇಟಿಯಾಗಿ ಬದಲಿಸಿದ್ದು ಕೊಲ್ಕತ್ತಾದಲ್ಲಿ. ಅಲ್ಲಿಂದ ನಾಟಕ ಕಂಪನಿಗಳ ಜೊತೆ ಹಳ್ಳಿ ಸೇರಿ, ಗುಡಿಯ ಕಟ್ಟೆ ಏರಿ, ಈಗ ಅದಿಲ್ಲದ ಭಜನೆಯೇ ಇಲ್ಲ ಎನ್ನುವಂತಾಗಿದೆ. ಪಿಟೀಲಿನ ಕಥೆಯೂ ಬೇರೆಯಲ್ಲ. ಗಾಯನದಲ್ಲೂ ಹಾಗೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ ಸಂಗೀತವನ್ನೂ ಹಿಂದೂಸ್ತಾನಿಯನ್ನೂ ಕಲಿತವರು. ನೀಲಕಂಠ ಬುವಾ ಮಿರಜಕರರ ಶಿಷ್ಯರು, ‘ಉಭಯಗಾನ ವಿಶಾರದ’ ಎಂದು ಹೆಸರಾದವರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳ (1914–2010) ಕೈಗೆ ಒಗ್ಗದ ವಾದ್ಯ ಕಡಿಮೆ. ಇದೇ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಉತ್ತರದ ಕಿರಾಣಾ ಘರಾಣೆಯ ಧ್ವನಿಯಾದರು, ಅದೇ ಧ್ವನಿಯಲ್ಲಿ ದಾಸರಪದವನ್ನೂ ಹಾಡಿದರು. ಪರವೂರಿನ ವಾದ್ಯ, ಪರಪ್ರಾಂತದ ಗಾಯನಶೈಲಿ, ಮನೆಯ ಮಾತು ಇವನ್ನು ಕೂಡಿಸುವುದು ಈ ಸೀಮೆಗೆ ಹೊಸದಲ್ಲ. ಗಿಟಾರು ಬಂದದ್ದು ತಡವಾಗಿ, ಅಷ್ಟೆ.

ಶರೀಫರ ಪದಗಳು ಬೆಂಗಳೂರು, ಮೈಸೂರಿನ ಮನೆಗಳಿಗೆ ನೇರ ಭಜನೆಯಿಂದ ಹೋಗಲಿಲ್ಲ, ಕ್ಯಾಸೆಟ್ಟಿನಲ್ಲಿ ಹೋದವು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆಯಿತು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಸಂಗ್ರಹಿಸಿ ಓದುಗರಿಗೆ ಕೊಟ್ಟರು. ಆ ಕೆಲಸದಿಂದಾಗಿ ಅವರಿಗೆ ‘ಷರೀಫ ಭಟ್ಟ’ ಎಂಬ ಪ್ರೀತಿಯ ಹೆಸರೂ ಬಂತು. ಸಿ. ಅಶ್ವತ್ಥ್ (1939–2009) ಅವುಗಳಿಗೆ ರಾಗ ಹಾಕಿ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದು, ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ, ಸಂಗೀತಕ್ಕೆ ಅಶ್ವತ್ಥ್ ಎಂದಾದ ಮೇಲೆ ಆ ಪದಗಳು ಇಡೀ ಕರ್ನಾಟಕದ ಸೊತ್ತಾದವು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಈ ಚಿತ್ರಕ್ಕೆ ಸಂದಿತು. ಅಶ್ವತ್ಥರ ಹಾಡಿಕೆಯಲ್ಲಿ ರಂಗಭೂಮಿಯ ಗತ್ತು ಇತ್ತು. ಒಂದೊಂದು ಪದವನ್ನೂ ಎದುರಿಗೆ ಕೂತವನ ಎದೆಗೆ ಎಸೆಯುವಂತೆ ಹಾಡುತ್ತಿದ್ದರು. ಮುಂದಿನ ತಲೆಮಾರಿನ ತಂಡಗಳಿಗೆ ಶರೀಫರೆಂದರೆ ಬಹುಪಾಲು ಅಶ್ವತ್ಥರು ಕೊಟ್ಟ ಶರೀಫರೇ.

ಆ ತಲೆಮಾರಿನವರು ರಘು ದೀಕ್ಷಿತ್. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದರು. ತಮಿಳು ಮನೆಮಾತಿನ ಸಂಪ್ರದಾಯಸ್ಥ ಕುಟುಂಬ. ಕಲಿತದ್ದು ಸಂಗೀತವನ್ನಲ್ಲ, ಭರತನಾಟ್ಯವನ್ನು. ಅದರಲ್ಲಿ ವಿದ್ವತ್ ಪರೀಕ್ಷೆಯವರೆಗೆ ಹೋದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಗೆ ಚಿನ್ನದ ಪದಕ ಪಡೆದರು. ಗಂಡುಹುಡುಗ ಗೆಜ್ಜೆ ಕಟ್ಟುತ್ತಾನೆಂದು ಗಿಟಾರ್ ನುಡಿಸುವ ಸಹಪಾಠಿಯೊಬ್ಬ ಗೇಲಿ ಮಾಡಿದಾಗ, ಪಂದ್ಯ ಕಟ್ಟಿ ಗಿಟಾರ್ ಕಲಿತರೆಂದು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪಂದ್ಯದಲ್ಲಿ ಯಾರು ಗೆದ್ದರೋ, ಗೆಜ್ಜೆಯಂತೂ ಸೋಲಲಿಲ್ಲ. ಮುಂದೆ ವೇದಿಕೆಯ ಮೇಲೆ ಅವರು ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡಲು ನಿಂತರು. ಅದು ಬರೀ ವೇಷವಾಗಿರಲಿಲ್ಲ. ಕಾಲು ನೆಲಕ್ಕೆ ಬಿದ್ದಾಗ ಗೆಜ್ಜೆ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಝಣಗುಟ್ಟುತ್ತದೆ. ಎರಡು ಕೈಯೂ ಗಿಟಾರಿನಲ್ಲಿರುವ ಗಾಯಕನಿಗೆ ಪಾದ ಮೂರನೆಯ ಕೈಯಾಗುತ್ತದೆ.

ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆಗೂಡಿ 1990ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ಮೊದಲ ತಂಡ ‘ಅಂತರಾಗ್ನಿ’. ನಡುವೆ ಔಷಧ ಕಂಪನಿಯ ಕೆಲಸದ ಮೇಲೆ ಬೆಲ್ಜಿಯಂಗೆ ಹೋದಾಗ ಅಲ್ಲಿನ ರೇಡಿಯೋದಲ್ಲಿ ಹಾಡಿದ ಅನುಭವ, ಪ್ರಯೋಗಾಲಯ ಬಿಟ್ಟು ಸಂಗೀತಕ್ಕೇ ಇಳಿಯುವ ಧೈರ್ಯ ಕೊಟ್ಟಿತು. ಅಂತರಾಗ್ನಿ ಚದುರಿದ ಮೇಲೆ 2005ರಲ್ಲಿ ‘ಪ್ರಾಜೆಕ್ಟ್’ ಶುರುವಾಯಿತು. ಹೆಸರಿಗೆ ಕಾರಣವಿದೆ. ಇದು ಖಾಯಂ ಸದಸ್ಯರ ಕೂಟವಾಗಿರಲಿಲ್ಲ. ಬಂದವರು ನುಡಿಸುವ, ಹೋದವರು ಮತ್ತೆ ಬರಬಹುದಾದ ಮನೆಯಾಗಿತ್ತು. ಬೇಸ್ ಗಿಟಾರಿನ ಗೌರವ್ ವಾಜ್, ಗಿಟಾರಿನ ವಿಜಯ್ ಜೋಸೆಫ್, ಪಿಟೀಲಿನ ಮನೋಜ್ ಜಾರ್ಜ್, ಕೊಳಲಿನ ಪಾರ್ಥ್ ಚಂದಿರಮಾನಿ ಮೊದಲಾದವರು ಬೇರೆ ಬೇರೆ ಕಾಲದಲ್ಲಿ ಜೊತೆಗಿದ್ದರು. ಕನ್ನಡ ಪದವನ್ನು ನುಡಿಸುವವರಲ್ಲಿ ಎಲ್ಲರೂ ಕನ್ನಡ ಬಲ್ಲವರಲ್ಲ. ಬೆಂಗಳೂರಿನ ತಂಡ ಎಂದರೆ ಹಾಗೇ.

ಮೊದಲ ಧ್ವನಿಮುದ್ರಿಕೆ ‘ಅಂತರಾಗ್ನಿ’ 2008ರಲ್ಲಿ ಹೊರಬಂತು. ಕಂಪನಿಗಳ ಬಾಗಿಲು ತಟ್ಟಿ ಬೇಸತ್ತಿದ್ದ ಕಾಲದಲ್ಲಿ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ತಮ್ಮದೇ ಸಂಸ್ಥೆಯ ಮೂಲಕ ಅದನ್ನು ಬಿಡುಗಡೆ ಮಾಡಿದರು. ‘ಮೈಸೂರ್ ಸೆ ಆಯಿ’, ‘ಹೇ ಭಗವಾನ್’ ಮುಂತಾದ ಹಿಂದಿ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಐದು ವರ್ಷಗಳ ಬಳಿಕ, 2013ರಲ್ಲಿ ಬಂದ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಮತ್ತು ‘ಕೋಡಗನ ಕೋಳಿ ನುಂಗಿತ್ತ’ ಸೇರಿದವು. ಹಾಡಿನ ಪಟ್ಟಿ ಇಷ್ಟಕ್ಕೇ ನಿಲ್ಲುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಪದ ಗಿಟಾರಿಗೆ ಇಳಿದಾಗ ಅದರೊಳಗೆ ಏನು ಬದಲಾಯಿತು?

ಭಜನೆಯ ಪದ ಒಂದು ಶ್ರುತಿಯ ಮೇಲೆ ನಿಲ್ಲುತ್ತದೆ. ಏಕತಾರಿಯ ತಂತಿ ರಾತ್ರಿಯಿಡೀ ಒಂದೇ ಸ್ವರ ಮಿಡಿಯುತ್ತಿರುತ್ತದೆ. ರಾಗ ಅದನ್ನು ಬಿಟ್ಟುಹೋಗಿ ಮತ್ತೆ ಅಲ್ಲಿಗೇ ಬರುತ್ತದೆ. ಗಿಟಾರಿನ ‘ಕಾರ್ಡ್’ ಎಂದರೆ ಹಲವು ಸ್ವರಗಳ ಒಟ್ಟು ಮಿಡಿತ. ಅದು ಸಾಲು ಸಾಲಿಗೂ ಬದಲಾಗುತ್ತದೆ. ರಾಗದ ಅಡಿಯ ನೆಲವೇ ಸರಿಯುತ್ತಿರುವುದರಿಂದ ಒಂದೇ ಸೊಲ್ಲು ಮೊದಲ ಸಲ ಹಗುರವಾಗಿ, ಎರಡನೆಯ ಸಲ ಭಾರವಾಗಿ ಕೇಳುತ್ತದೆ. ಇದು ಪಾಶ್ಚಾತ್ಯ ಪಾಪ್ ಸಂಗೀತದ ಮೂಲ ಉಪಾಯ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಕಾರ್ಡಿಗೆ ಹೊಂದಬೇಕಾದರೆ ಸ್ವರಗಳು ನೆಟ್ಟಗೆ ನಿಲ್ಲಬೇಕು, ಜಾರಿಕೆ ಕಡಿಮೆಯಾಗಬೇಕು. ಹಳ್ಳಿಯ ಹಾಡುಗಾರ ನುಡಿಯ ಕೊನೆಯಲ್ಲಿ ಎಳೆದು ಇಳಿಸುವ ಎಳೆತ ಇಲ್ಲಿ ಸವೆದುಹೋಗಿದೆ. ಶಾಸ್ತ್ರೀಯ ಸಂಗೀತದ ತಾಲೀಮು ಇಲ್ಲದ ರಘು ಅದನ್ನು ತಮ್ಮ ತೆರೆದ ಕಂಠದ ಕಸುವಿನಿಂದ ತುಂಬಿಕೊಂಡರು.

ಬದಲಾಗದೆ ಉಳಿದದ್ದು ಪದದ ಕಟ್ಟಡ. ಸೊಲ್ಲು ಎತ್ತಿಕೊಡುವುದು, ತಿರುಗಿ ಹಾಡುವುದು, ಪಲ್ಲವಿಗೆ ಮರಳುವುದು ಇವೆಲ್ಲ ಪಾಪ್ ಹಾಡಿಗೂ ಬೇಕಾದವೇ. ಭಜನೆಯಲ್ಲಿ ಹಿಮ್ಮೇಳದ ಹತ್ತು ಮಂದಿ ಮಾಡುತ್ತಿದ್ದುದನ್ನು ಇಲ್ಲಿ ಮೈದಾನದ ಸಾವಿರಾರು ಮಂದಿ ಮಾಡುತ್ತಾರೆ. ಕನ್ನಡ ಗೊತ್ತಿಲ್ಲದವರು ಕೂಡ ಎರಡನೆಯ ಸಲಕ್ಕೆ ಪಲ್ಲವಿ ಹಿಡಿಯುತ್ತಾರೆ. ಭಾವಗೀತೆಗೆ ಈ ಅನುಕೂಲವಿಲ್ಲ. ಕವಿತೆಯ ಸಾಲು ಓದುಗನೊಬ್ಬನನ್ನು ನೆನೆದು ಬರೆದದ್ದು. ತತ್ವಪದ ಗುಂಪಿನ ಬಾಯಿಗೆಂದೇ ಹುಟ್ಟಿದ್ದು. ರಘು ದೀಕ್ಷಿತ್ ಪ್ರಾಜೆಕ್ಟಿನ ಯಶಸ್ಸಿನ ಗುಟ್ಟು ವಾದ್ಯಗಳ ಮಿಶ್ರಣದಲ್ಲಿಲ್ಲ, ಗುಂಪು ಹಾಡಬಲ್ಲ ಪದಗಳನ್ನು ಆರಿಸಿಕೊಂಡದ್ದರಲ್ಲಿದೆ ಎನ್ನಬೇಕು. ಪದದ ಕೊನೆಯ ನುಡಿಯಲ್ಲಿ ಶಿಶುನಾಳದ ಅಂಕಿತ ಬರುತ್ತದೆ. ಪೂರ್ತಿ ಹಾಡಿದರೆ, ಎಲ್ಲಿಯೇ ಹಾಡಲಿ, ಆ ಊರಿನ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ.

ಅರ್ಥದ ಮಾತು ಸ್ವಲ್ಪ ತೊಡಕಿನದು. ಮಾಳಿಗೆ ಸೋರುವ ಪದವನ್ನೇ ತೆಗೆದುಕೊಳ್ಳೋಣ. ಲಕ್ಕುಂಡಿಯ ಕಡೆಯ ಹಳೆಯ ಮನೆಗಳಿಗೆ ಹಂಚಿಲ್ಲ. ತೊಲೆ, ಜಂತಿಯ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ತುಳಿಯಬೇಕು. ಆಲಸ್ಯ ಮಾಡಿದರೆ ಮೊದಲ ಜಡಿಮಳೆಗೇ ಅಡುಗೆಮನೆಯಲ್ಲಿ ನೀರು. ಒಮ್ಮೆ ಸೋರಲು ಹತ್ತಿದರೆ ಸೂರು ಎಲ್ಲಿ ಬಿಟ್ಟಿದೆ ಎಂದು ಒಳಗಿನಿಂದ ತಿಳಿಯುವುದಿಲ್ಲ. ಹೀಗೆ ನೀರು ಕಂಡವನಿಗೆ ‘ಇದು ದೇಹದ ಮಾತು, ಅಜ್ಞಾನದ ಮಾತು’ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ತಾರಸಿ ಮನೆಯ ನಗರದ ಹುಡುಗರಿಗೆ ಮಾಳಿಗೆ ಬರಿಯ ಸಂಕೇತ. ‘ಕೋಡಗನ ಕೋಳಿ’ಯಂಥ ಬೆಡಗಿನ ಪದದಲ್ಲಂತೂ ಲೋಕವೆಲ್ಲ ತಲೆಕೆಳಗು: ನುಂಗುವುದು ಯಾವುದು, ನುಂಗಿಸಿಕೊಂಡದ್ದು ಯಾವುದು ಎಂದು ಗುರು ಬಿಡಿಸಿ ಹೇಳಬೇಕಾದ ಒಗಟು. ಕುಣಿಯುವ ಲಯದಲ್ಲಿ ಅದು ತಮಾಷೆಯ ಹಾಡಾಗಿ ಕೇಳಿಸುತ್ತದೆ. ಭಜನಾ ಮೇಳದ ಹಿರಿಯರು ಈ ಬಗ್ಗೆ ಗೊಣಗುವುದುಂಟು, ಗೊಣಗಾಟದಲ್ಲಿ ಹುರುಳೂ ಇದೆ. ಆದರೆ ಶರೀಫರ ಕಾಲದಲ್ಲೂ ಎಲ್ಲರೂ ಒಗಟು ಬಿಡಿಸಿಕೊಂಡೇ ನಕ್ಕಿರಲಾರರು.

2010ರಲ್ಲಿ ತಂಡ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಅದರ ಬೆನ್ನಿಗೇ ಮೊದಲ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ಲೋಕಸಂಗೀತದ (ವರ್ಲ್ಡ್ ಮ್ಯೂಸಿಕ್) ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಬಂತು, ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿಕೆಯಾಯಿತು. ‘ವರ್ಲ್ಡ್ ಮ್ಯೂಸಿಕ್’ ಎಂಬ ಈ ಅಂಗಡಿ ಹೆಸರಿನ ಹಿನ್ನೆಲೆಯೂ ಗೊತ್ತಿರಲಿ. 1987ರಲ್ಲಿ ಲಂಡನ್ನಿನ ಪಬ್ಬೊಂದರಲ್ಲಿ ಸಣ್ಣ ರೆಕಾರ್ಡ್ ಕಂಪನಿಗಳವರು ಕೂಡಿ, ಇಂಗ್ಲಿಷೇತರ ಸಂಗೀತವನ್ನು ಅಂಗಡಿಯ ಯಾವ ಕಪಾಟಿನಲ್ಲಿಡಬೇಕೆಂದು ಚರ್ಚಿಸಿ ಒಪ್ಪಿಕೊಂಡ ಹೆಸರದು. ಮಾಲಿ ದೇಶದ ಕೋರಾ, ಬಲ್ಗೇರಿಯಾದ ಹೆಂಗಸರ ಮೇಳ, ಪಾಕಿಸ್ತಾನದ ಕವ್ವಾಲಿ ಎಲ್ಲ ಒಂದೇ ಕಪಾಟಿಗೆ ಬಂದವು. ಆ ಕಪಾಟು ಮಾರಾಟಕ್ಕೆ ಅನುಕೂಲ, ತಿಳಿವಳಿಕೆಗೆ ಅಡ್ಡಿ. ಅದರಲ್ಲಿ ಜಾಗ ಪಡೆದ ತಂಡವನ್ನು ಹೊರಗಿನವರು ‘ಭಾರತದ ಸಂಗೀತ’ವೆಂದು ಕೇಳಿದರೇ ಹೊರತು ಧಾರವಾಡ ಸೀಮೆಯ ಪದವೆಂದು ಕೇಳಿದವರು ಕಡಿಮೆ.

ಕನ್ನಡ ನಾಡಿನಿಂದ ಇಂಥ ಬೆಸುಗೆ ಇದೇ ಮೊದಲೆಂದೂ ಭಾವಿಸಬಾರದು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ ನುಡಿಸಿದ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂತು; ಗಾಯನ ಆರ್.ಎ. ರಮಾಮಣಿಯವರದು. ಮಂಗಳೂರಿನ ಕದ್ರಿ ಗೋಪಾಲನಾಥ್ (1949–2019) ಸ್ಯಾಕ್ಸೋಫೋನನ್ನೇ ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದರು. ಕನ್ನಡ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ತಂದರು. ರಘು ಅವರ ಮೊದಲ ಆಲ್ಬಂ ಬಂದದ್ದೂ ಅದೇ ವರ್ಷ. ಆದರೆ ಆ ಎರಡೂ ವಾದ್ಯ ಮತ್ತು ಲಯದ ಪಾಂಡಿತ್ಯದ ಕೂಟಗಳು. ಕನ್ನಡದ ಮಾತಿಗೆ ಅಲ್ಲಿ ಕೆಲಸ ಕಡಿಮೆ. ಮಾತನ್ನೇ ಮುಂದಿಟ್ಟುಕೊಂಡು ಹೊರಟದ್ದು ರಘು ದೀಕ್ಷಿತ್ ಪ್ರಾಜೆಕ್ಟಿನ ವಿಶೇಷ.

ಒಡನಾಡಿ ತಂಡಗಳಲ್ಲಿ ಮುಖ್ಯವಾದದ್ದು ‘ಸ್ವರಾತ್ಮ’. ಇದರ ಗಾಯಕ ವಾಸು ದೀಕ್ಷಿತ್, ರಘು ಅವರ ತಮ್ಮ. ಬೇಸ್ ವಾದಕ ಜಿಷ್ಣು ದಾಸ್‌ಗುಪ್ತ, ತಾಳವಾದ್ಯದ ಪವನ್ ಕುಮಾರ್, ಡ್ರಮ್ಸ್‌ನ ಮಾಂಟ್ರಿ ಮ್ಯಾನುಯೆಲ್, ಗಿಟಾರಿನ ವರುಣ್ ಮುರಳಿ, ಪಿಟೀಲಿನ ಸಂಜೀವ್ ನಾಯಕ್ ಈ ತಂಡದಲ್ಲಿ ಕೇಳಿಬರುವ ಹೆಸರುಗಳು. 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದರು. 2009ರಲ್ಲಿ ಮೊದಲ ಆಲ್ಬಂ ಬಂತು. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಗೆ ಆರಿಸಲಾದ ನಾಲ್ಕು ಭಾರತೀಯ ತಂಡಗಳಲ್ಲಿ ಒಂದಾಗಿ, ರೇಡಿಯೋಹೆಡ್ ಮೊದಲಾದವರ ಆಲ್ಬಂ ರೂಪಿಸಿದ್ದ ಜಾನ್ ಲೆಕಿಯವರ ಕೈಕೆಳಗೆ ಧ್ವನಿಮುದ್ರಣ ಮಾಡಿಕೊಂಡರು. ಲಾಯ್ ಮೆಂಡೋನ್ಸಾ ನಿರ್ಮಾಣದ ‘ಟೋಪಿವಾಲೇ’ 2012ರಲ್ಲಿ, ‘ರಾಹ್-ಎ-ಫಕೀರಾ’ 2018ರಲ್ಲಿ ಬಂದವು. ಅಣ್ಣನ ಹಾಡು ಹಬ್ಬದಂತಿದ್ದರೆ ತಮ್ಮನದು ಬೀದಿನಾಟಕದಂತೆ: ರಾಜಕಾರಣಿಯ ಟೋಪಿ, ನೀರಿನ ಜಗಳ, ದೇವರ ಹೆಸರಿನ ಗಲಾಟೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಕನ್ನಡಕ್ಕಿಂತ ಹಿಂದಿಯ ಪಾಲು ಹೆಚ್ಚಾಯಿತೆಂಬ ಆಕ್ಷೇಪ ಎರಡೂ ತಂಡಗಳ ಮೇಲಿದೆ. ಮಾರುಕಟ್ಟೆಯ ಲೆಕ್ಕ ಬಲ್ಲವರು ಅದನ್ನು ದೊಡ್ಡ ಅಪರಾಧವೆಂದು ಎಣಿಸಲಾರರು.

ಸಿನಿಮಾದಿಂದ ದೂರವಿದ್ದವರೂ ಸಿನಿಮಾಕ್ಕೆ ಬಂದೇ ಬಂದರು. ರಘು ‘ಸೈಕೋ’ (2008), ‘ಜಸ್ಟ್ ಮಾತ್ ಮಾತಲ್ಲಿ’ (2010), ‘ಲವ್ ಮಾಕ್‌ಟೇಲ್’ (2020), ‘ನಿನ್ನ ಸನಿಹಕೆ’ (2021) ಮುಂತಾದ ಚಿತ್ರಗಳಿಗೆ ಸಂಗೀತ ಕೊಟ್ಟರು. ‘ಸೈಕೋ’ದ ಮಾದೇಶ್ವರನ ಹಾಡು ತಂಡದ ಯಾವ ಆಲ್ಬಮ್ಮಿಗಿಂತ ಹೆಚ್ಚು ಹಳ್ಳಿ ಮುಟ್ಟಿತು. ಕರ್ನಾಟಕದಲ್ಲಿ ಸ್ವತಂತ್ರ ತಂಡವೊಂದು ಹಾಡು ಮಾರಿ ಬದುಕುವುದು ಕಷ್ಟ. ಕಾರ್ಪೊರೇಟ್ ಕಾರ್ಯಕ್ರಮ, ಕಾಲೇಜು ಹಬ್ಬ, ಚಿತ್ರಸಂಗೀತ ಸೇರಿದರೆ ಮಾತ್ರ ಸಂಸಾರ ನಡೆಯುತ್ತದೆ.

ಈ ಹರಿವಿನಲ್ಲಿ ಬಗೆಹರಿಯದೆ ಉಳಿದಿರುವುದು ಪಾಲಿನ ಪ್ರಶ್ನೆ. ಶರೀಫರ ಪದಗಳಿಗೆ ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಒಂದು ಶತಮಾನ ಕಾಲ ಅವುಗಳನ್ನು ಮರೆಯದೆ ಹಾಡಿಕೊಂಡು ಬಂದ ಮೇಳಗಳಿಗೆ ನಗರದ ವೇದಿಕೆ ಸಿಗುವುದು ಅಪರೂಪ. ಲಕ್ಕುಂಡಿ ಉತ್ಸವದಂಥ ಸರ್ಕಾರಿ ಉತ್ಸವಗಳಲ್ಲೂ ಮುಸ್ಸಂಜೆಯ ಹೊತ್ತು ಸ್ಥಳೀಯರಿಗೆ, ಜನ ತುಂಬಿದ ರಾತ್ರಿಯ ಹೊತ್ತು ಹೆಸರಾಂತ ತಂಡಗಳಿಗೆ ಎಂಬ ಹಂಚಿಕೆ ಕಂಡುಬರುತ್ತದೆ. ಒಂದೇ ಪದವನ್ನು ಮೇಳವೂ ತಂಡವೂ ಒಂದೇ ರಾತ್ರಿ ಹಾಡುವ ಏರ್ಪಾಡು ಮಾಡುವುದು ಸಂಘಟಕರಿಗೆ ಕಷ್ಟದ ಕೆಲಸವಲ್ಲ. ತಂಡಕ್ಕೂ ಅದರಿಂದ ಲಾಭವೇ. ಅಶ್ವತ್ಥರ ಕ್ಯಾಸೆಟ್ಟಿಗಿಂತ ಹಿಂದಿನ ಶರೀಫರು ಕೇಳಸಿಗುವುದು ಅಲ್ಲೇ.

ಈ ಸಂಗೀತವನ್ನು ಹೊಸದಾಗಿ ಕೇಳಬಯಸುವವರು ‘ಸೋರುತಿಹುದು’ ಪದವೊಂದನ್ನೇ ಹಿಡಿದುಕೊಳ್ಳಬಹುದು. ಮೊದಲು ಅಶ್ವತ್ಥರ ದನಿಯಲ್ಲಿ ಕೇಳಿ, ಆಮೇಲೆ 2008ರ ಆಲ್ಬಮ್ಮಿನಲ್ಲಿ ಕೇಳಿ. ಶ್ರಾವಣ ಬಂದಾಗ ಗದಗ ಅಥವಾ ಲಕ್ಷ್ಮೇಶ್ವರದ ಬಸ್ಸು ಹತ್ತಿ, ಭಜನೆ ನಡೆಯುವ ಯಾವುದಾದರೂ ಗುಡಿಯಲ್ಲಿ ಕೂತು ಇನ್ನೊಮ್ಮೆ ಕೇಳಿ.